ಮಾಶೇಜಿಯ ಹದಿನಾಲ್ಕು ಹಗ್ಗಗಳು

"ಇವತ್ತು ಯಾವ ದಿಕ್ಕಿಂದ ಬರ್ತೀಯಪ್ಪ?"

ಕೇಳಿದ್ದು ಯಾರನ್ನೂ ಅಲ್ಲ, ಸುತ್ತಮುತ್ತ ಯಾರೂ ಇಲ್ಲ. ಜುಲೈ ತಿಂಗಳ ಕೊನೆಯ ಸೋಮವಾರ, ಬೆಳಗ್ಗೆ ಆರೂವರೆ. ಇನಾಂಡಾ ಗುಡ್ಡದ ನೆತ್ತಿಯಲ್ಲಿ, ಹದಿನಾಲ್ಕು ಹಗ್ಗಗಳ ನಡುವೆ ಬರಿಗಾಲಲ್ಲಿ ನಿಂತು ಬಜಬುಲಿಲೆ ಮಖಾನ್ಯಾ ಗಾಳಿಗೆ ಕಾಯುತ್ತಿದ್ದಾರೆ. ಕೆಳಗೆ ದೂರದಲ್ಲಿ ಡರ್ಬನ್ನಿನ ಕಡಲು ಇನ್ನೂ ಬೂದಿಬಣ್ಣದಲ್ಲಿದೆ. ಅವರು ತಲೆವಸ್ತ್ರವನ್ನು ಸ್ವಲ್ಪ ಮೇಲೆತ್ತಿ ಕಟ್ಟಿ, ಕತ್ತಿನ ಹಿಂಭಾಗವನ್ನು ಬಯಲಿಗೆ ಬಿಟ್ಟು ಕಣ್ಣು ಮುಚ್ಚುತ್ತಾರೆ. ಗಾಳಿ ಮೊದಲು ಮಾತಾಡಿಸುವುದು ಅಲ್ಲಿಯೇ ಎಂಬುದು ಅವರ ಅನುಭವ. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸುತ್ತಾರೆ. "ಬೆಟ್ಟದ ಕಡೆಯಿಂದ. ಒಳ್ಳೇದಾಯ್ತು."

ಈ ಗುಡ್ಡದಲ್ಲಿ ಅವರನ್ನು ಎಲ್ಲರೂ ಕರೆಯುವುದು ತವರಿನ ಹೆಸರು ಹಿಡಿದು, ಮಾಶೇಜಿ ಎಂದು. ವಯಸ್ಸು ಅರವತ್ತೊಂದು. ಅವರ ಕೆಲಸ ಡೇರೆ ಒಣಗಿಸುವುದು. ಮದುವೆಗೆ, ಸಾವಿಗೆ, ಪ್ರಾರ್ಥನಾ ಸಭೆಗೆ ಬಾಡಿಗೆಗೆ ಹೋಗುವ ಬಿಳಿ ಕ್ಯಾನ್ವಾಸಿನ ಡೇರೆಗಳು ಶನಿವಾರ, ಭಾನುವಾರ ಲಾರಿಯಲ್ಲಿ ಮುದ್ದೆಯಾಗಿ ಬಂದು ಅವರ ಅಂಗಳಕ್ಕೆ ಬೀಳುತ್ತವೆ. ಗುರುವಾರದ ಹೊತ್ತಿಗೆ ಅವು ಒಣಗಿ, ಮಡಚಿ, ಮತ್ತೆ ಲಾರಿ ಹತ್ತಬೇಕು. ವಾರಕ್ಕೆ ಹನ್ನೊಂದು ಡೇರೆ, ಇಪ್ಪತ್ತೆರಡು ವರ್ಷ. ಒಣಗಿದ ಡೇರೆಯನ್ನು ಇಬ್ಬರು ಎತ್ತುತ್ತಾರೆ. ನೆನೆದದ್ದಕ್ಕೆ ನಾಲ್ವರು ಬೇಕು. ಮಾಶೇಜಿ ಒಬ್ಬರೇ ಅದನ್ನು ಒಂದು ಅಂಚಿನಿಂದ ಹಿಡಿದು, ಎಮ್ಮೆಯ ಮೈ ತಿಕ್ಕುವವರ ತಾಳ್ಮೆಯಲ್ಲಿ, ಗೇಣು ಗೇಣಾಗಿ ಹಗ್ಗಕ್ಕೇರಿಸುತ್ತಾರೆ.

ಒಣಗಿತೋ ಇಲ್ಲವೋ ಎಂದು ತಿಳಿಯಲು ಅವರು ಕೆನ್ನೆ ಒತ್ತಿ ನೋಡುತ್ತಾರೆ. "ಕೈ ಸುಳ್ಳು ಹೇಳುತ್ತೆ. ಒಲೆ ಮುಟ್ಟಿರುತ್ತೆ, ಸೋಪು ಮುಟ್ಟಿರುತ್ತೆ, ಅದಕ್ಕೇನು ಗೊತ್ತಾಗುತ್ತೆ? ಕೆನ್ನೆಗೆ ಸುಳ್ಳು ಬರಲ್ಲ."

ಈ ಪಾಠ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ವರ್ಷದ ಜನವರಿಯಲ್ಲಿ ಒಂದು ಡೇರೆಯನ್ನು ಕೈಯಲ್ಲಿ ಮುಟ್ಟಿ ನೋಡಿ ಮಡಚಿಟ್ಟರು. ಬಟ್ಟೆ ಒಣಗಿತ್ತು, ಹೊಲಿಗೆ ಒಣಗಿರಲಿಲ್ಲ. ಒಂಬತ್ತು ದಿನ ಬಿಟ್ಟು ಮದುವೆಯ ಅಂಗಳದಲ್ಲಿ ಬಿಚ್ಚಿದರೆ ಹೊಲಿಗೆಯ ಉದ್ದಕ್ಕೂ ಬೂಷ್ಟು, ಮೆಣಸು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮದುವಣಗಿತ್ತಿಯ ತಾಯಿ ಮೂಗಿಗೆ ಸೆರಗು ಹಿಡಿದುಕೊಂಡೇ ಅತಿಥಿಗಳನ್ನು ಸ್ವಾಗತಿಸಿದರಂತೆ. ಆ ಡೇರೆಯ ಅಂಗೈಯಗಲದ ತುಂಡೊಂದು ಇವತ್ತಿಗೂ ಮಾಶೇಜಿಯ ಕೊಟ್ಟಿಗೆಯ ಬಾಗಿಲಲ್ಲಿ ಮೊಳೆ ಹೊಡೆಸಿಕೊಂಡು ನೇತಾಡುತ್ತಿದೆ. ಬೂಷ್ಟಿನ ಧೂಳು ಕುಡಿದು ಕುಡಿದು ಎದೆಯಲ್ಲಿ ಒಂದು ಒಣಕೆಮ್ಮು ಮನೆ ಮಾಡಿದೆ. ಗಂಡ ತೀರಿಹೋಗಿ ಹದಿನಾರು ವರ್ಷವಾಯಿತು. ಅವರ ಸಾವಿನ ಡೇರೆಯನ್ನೂ ಒಣಗಿಸಿದವರು ಇವರೇ.

ಮಾಶೇಜಿಯ ಪಂಚಾಂಗ ಗಂಟೆಗಳದ್ದು. ಹೊಸ ವರ್ಷ ಹುಟ್ಟುವಾಗ ಒಂದು ಡೇರೆಗೆ ಎರಡು ಹಗಲು ಬೇಕು. ಕಡಲಿನಿಂದ ಬರುವ ಗಾಳಿಯೇ ಉಪ್ಪುಪ್ಪಾಗಿ ನೆನೆದಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಬಂದು ಅಷ್ಟು ಹೊತ್ತಿನ ದುಡಿಮೆಯನ್ನು ತೊಳೆದುಬಿಡುತ್ತದೆ. "ಒದ್ದೆ ಬಟ್ಟೇಲಿ ಒದ್ದೆ ಬಟ್ಟೆ ಒರೆಸಿದ ಹಾಗೆ," ಎನ್ನುತ್ತಾರೆ. ಫೆಬ್ರವರಿಯಂತೂ ಕೇಳುವುದೇ ಬೇಡ. ಆ ಸೆಕೆಯಲ್ಲಿ ಬ್ರೆಡ್ಡು ಎರಡು ದಿನಕ್ಕೆ ಹಸಿರಾಗುತ್ತದೆ, ಉಪ್ಪಿನ ಡಬ್ಬಿ ಕಲ್ಲಾಗುತ್ತದೆ, ಬಾಗಿಲ ಹಿಂದೆ ಇಟ್ಟ ಚಪ್ಪಲಿಗೆ ಗಡ್ಡ ಬೆಳೆಯುತ್ತದೆ. ಈಸ್ಟರ್ ಕಳೆದ ಮೇಲೆ ಒಂದು ಹಗಲು ಸಾಕು. ಜೂನ್, ಜುಲೈ ಇಲ್ಲಿ ಒಣ ಚಳಿಗಾಲ, ಅರ್ಧ ಹಗಲು. ಆಗಸ್ಟಿನಲ್ಲಿ ಬೆಟ್ಟದಿಂದ ಬಿಸಿಗಾಳಿ ಇಳಿದರೆ ಎರಡೇ ಗಂಟೆ, ಆದರೆ ಅವತ್ತು ಹಗ್ಗ ಬಿಟ್ಟು ಕದಲುವಂತಿಲ್ಲ. ಆಮೇಲೆ ಸೆಪ್ಟೆಂಬರು, ಅಕ್ಟೋಬರು. ಬರುವುದೂ ಇಲ್ಲ, ಬಿಡುವುದೂ ಇಲ್ಲ ಎನ್ನುವಂಥ ತುಂತುರು. ಆಗ ಒಂದು ಡೇರೆಗೆ ಐದು ದಿನ. ಕೊಟ್ಟಿಗೆಯೊಳಗೆ ಹರಡಿ, ಫ್ಯಾನು ತಿರುಗಿಸಿ, ದೇವರ ಮೇಲೆ ಭಾರ ಹಾಕಿ ಕೂರುವುದು.

ಇವರ ಕಷ್ಟ ಇಷ್ಟೇ ಆಗಿದ್ದರೆ ಅದು ಬರೀ ಹವೆಯ ಕಷ್ಟ. ಆದರೆ ಇಲ್ಲಿಯವರಿಗೆ ಸಾವಿನ ದಿನದ ಮಳೆ ಎಂದರೆ ಆಶೀರ್ವಾದ. ಮಣ್ಣು ಮಾಡುವಾಗ ಹನಿ ಬಿದ್ದರೆ ಹಿರಿಯರು ಬಾಗಿಲು ತೆರೆದರು, ಹೋದವರು ಒಳ್ಳೆಯವರು ಎಂದು ಲೆಕ್ಕ. ಹಾಗಾಗಿ ಒಳ್ಳೆಯವರ ಡೇರೆಗಳೆಲ್ಲ ತೊಯ್ದೇ ಬರುತ್ತವೆ. ಲಾರಿ ಡ್ರೈವರ್ ಶೆಂಗೆ ಗುಡ್ಡದ ತಿರುವಿನಲ್ಲೇ ಹಾರ್ನ್ ಒತ್ತಿ ಕೂಗುತ್ತಾನೆ, "ಮಾಶೇಜೀ, ಇನ್ನೊಬ್ಬ ಪುಣ್ಯಾತ್ಮ ಬಂದ!"

"ಈ ಊರಲ್ಲಿ ಕೆಟ್ಟೋರು ಸಾಯೋದೇ ಇಲ್ವೇನೋ?" ಇವರು ಅಲ್ಲಿಂದಲೇ ಕೂಗುತ್ತಾರೆ. "ನನ್ನ ಸೊಂಟಕ್ಕೂ ಒಂದು ವಾರ ರಜ ಬೇಡ್ವಾ?"

"ನಾನು ಸತ್ತಾಗ ಕೊಡ್ತೀನಿ ರಜ."

"ನೀನಾ? ನಿನ್ನ ಡೇರೆ ಒಣಗಿ ಗರಿಗರಿ ಅಂತಿರುತ್ತೆ, ಅದರಲ್ಲಿ ಹಪ್ಪಳ ಸುಡಬಹುದು!"

ನಗುವಿನ ಮಾತು ಹೌದು. ಆದರೆ ನೀರಿನ ನಲ್ಲಿಯ ಹತ್ತಿರ, ಬಸ್ಸಿನ ಸಾಲಿನಲ್ಲಿ, ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಜನ ಇವರನ್ನು ನಿಲ್ಲಿಸಿ ಕೇಳುವುದು ಒಂದೇ: "ಅವರ ಡೇರೆ ಹೇಗೆ ಬಂತು ಮಾ?" ಮಾಶೇಜಿ ಒದ್ದೆ ಎಂದರೆ ಒದ್ದೆ, ಒಣಗಿತ್ತು ಎಂದರೆ ಒಣಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಯಾರೂ ಎರಡನೆಯ ಸಲ ಕೇಳಿಲ್ಲ.

ಅದಕ್ಕೇ ಇವತ್ತು ಜಿಬುಯಿಲೆ ಬರುತ್ತಿರುವುದು. ಅವಳ ತಂದೆ ಮಡುನಾ ಅವರನ್ನು ಮೊನ್ನೆ ಶನಿವಾರ ಮಣ್ಣು ಮಾಡಿದರು. ಮೂವತ್ತೆಂಟು ವರ್ಷ ಲೋಕಲ್ ರೈಲಿನಲ್ಲಿ ಟಿಕೆಟ್ ತನಿಖೆ ಮಾಡಿದ ಮನುಷ್ಯ. ಈ ಗುಡ್ಡದಲ್ಲಿ ಅವರ ಕೈಗೆ ಸಿಕ್ಕಿಬೀಳದ ಮನೆಯಿಲ್ಲ. ಹೆಂಡತಿಯ ತಮ್ಮನನ್ನೂ ಒಮ್ಮೆ ಇಳಿಸಿದ್ದರು. ಹಿಂದಿನ ಶನಿವಾರ ಪಾದ್ರಿಯ ಹೆಂಡತಿಯ ಸಾವಿಗೆ ಈ ಒಣ ಜುಲೈಯಲ್ಲೂ ಮಳೆ ಬಂದಿತ್ತು. ಮಡುನಾ ಅವರಿಗೆ ಒಂದು ಹನಿಯಿಲ್ಲ. ನಲ್ಲಿಯ ಹತ್ತಿರ ಮಾತು ಹುಟ್ಟಿಬಿಟ್ಟಿದೆ: "ಮುದುಕ ಮೋಡಕ್ಕೂ ಟಿಕೆಟ್ ಕೇಳಿರ್ಬೇಕು, ಅದಕ್ಕೇ ಹತ್ತಿರ ಸುಳೀಲಿಲ್ಲ." ಕೆಟ್ಟವನು ಹೋದ ಎಂಬ ಮಾತು ಒಮ್ಮೆ ನಿಂತರೆ ಅದು ಮೊಮ್ಮಕ್ಕಳವರೆಗೆ ನಿಲ್ಲುತ್ತದೆ. ಮಾಶೇಜಿಯ ಬಾಯಿಂದ ಒಂದು ಮಾತು ಸಿಕ್ಕಿದರೆ ಅದನ್ನು ತಡೆಯಬಹುದು ಎಂದು ಮಗಳ ಆಸೆ.

ಎಂಟು ಗಂಟೆಗೆ ಅವಳು ಬರುತ್ತಾಳೆ, ಕಪ್ಪು ಬಟ್ಟೆ, ನಿದ್ದೆ ಕಾಣದ ಕಣ್ಣು. ಮಾಶೇಜಿ ಮೊದಲು ಅವಳ ಮುಂದೆ ಒಂದು ಬಟ್ಟಲು ಪುಥು ಇಟ್ಟು ಮೇಲೆ ಹುಳಿಹಾಲು ಸುರಿಯುತ್ತಾರೆ. ಜೋಳದ ಹಿಟ್ಟಿನ ಆ ಉದುರು ಮುದ್ದೆಯನ್ನು ಅವಳು ಚಮಚದಲ್ಲಿ ಕದಡುತ್ತಾಳೆ, ತಿನ್ನುವುದಿಲ್ಲ.

"ನಾಲ್ಕು ಹನಿ ಬಿತ್ತು ಅಂತ ಹೇಳಿಬಿಡಿ ಮಾ. ಬೆಳಗಿನ ಜಾವ, ಯಾರೂ ನೋಡಿಲ್ಲ ಅಂತ."

"ಮೊದಲು ತಿನ್ನು. ನಿಮ್ಮಪ್ಪ ನನ್ನನ್ನ ಎರಡು ಸಲ ಇಳಿಸಿದಾರೆ, ಗೊತ್ತಾ? ಒಂದು ಸಲ ಮಳೇಲಿ."

ಹುಡುಗಿಯ ಮುಖ ಇಳಿಯುತ್ತದೆ.

"ಇಳಿಸಿ, ತಮ್ಮ ಕೊಡೆ ಕೊಟ್ರು," ಎನ್ನುತ್ತಾರೆ ಮಾಶೇಜಿ. "ಮಾರನೇ ದಿನ ವಾಪಸ್ ಕೊಡೋಕೆ ಹೋದ್ರೆ, ಟಿಕೆಟ್ ಎಲ್ಲಿ ಅಂದ್ರು. ಬಾ ಇಲ್ಲಿ."

ಹನ್ನೊಂದನೆಯ ಹಗ್ಗದಲ್ಲಿ ಮಡುನಾ ಅವರ ಡೇರೆ ಇದೆ. ಶನಿವಾರವೇ ಒಣಗಿತು, ಆದರೆ ಮಾಶೇಜಿ ಅದಕ್ಕೆ ಇನ್ನೂ ಬ್ರಶ್ಶು ಹಾಕಿಲ್ಲ. ಹೊರಮೈಯನ್ನು ತೋರಿಸುತ್ತಾರೆ. ಕೆಂಪು ಧೂಳು ಒಂದೇ ಸಮನೆ ಕೂತಿದೆ. ಒಂದು ಹನಿ ಬಿದ್ದಿದ್ದರೂ ಅದರ ಗುರುತು ಇರುತ್ತಿತ್ತು. ಆಮೇಲೆ ಬಟ್ಟೆಯ ಅಂಚನ್ನು ಎತ್ತಿ ಹುಡುಗಿಯನ್ನು ಒಳಗೆ ಕರೆಯುತ್ತಾರೆ. ಒಳಮೈಯಲ್ಲಿ ಮೇಣದಬತ್ತಿಯ ಹೊಗೆಯ ತೆಳು ಕಪ್ಪು, ಆ ಕಪ್ಪಿನ ಮೇಲೆ ನೀರು ಹರಿದ ನೂರಾರು ಬಿಳಿ ಗೆರೆ. ನೆತ್ತಿಯಿಂದ ಹೊರಟ ಗೆರೆಗಳು ಪಕ್ಕದ ಗೋಡೆಗಳನ್ನೂ ದಾಟಿ ಕೆಳಗಿನ ಅಂಚಿನವರೆಗೆ ಇಳಿದಿವೆ.

"ಶುಕ್ರವಾರ ರಾತ್ರಿ, ಡೇರೇಲಿ ಜಾಗರಣೆ ಕೂತು ಹಾಡುವಾಗ, ನೀನೆಲ್ಲಿದ್ದೆ?"

"ಮನೆಯೊಳಗೆ, ಅಮ್ಮನ ಹಾಸಿಗೆ ಪಕ್ಕ. ಹಾಡು ಕೇಳ್ತಿತ್ತು. ಎಷ್ಟು ಜನ ಇದ್ರು ಅಂತ ನೋಡ್ಲಿಲ್ಲ."

"ಇಲ್ಲಿ ನೋಡು. ಜುಲೈ ರಾತ್ರಿ ಹೊರಗೆ ಚಳಿ, ಒಳಗೆ ಜನರ ಉಸಿರು. ಉಸಿರು ಬಟ್ಟೆಗೆ ತಾಗಿ ನೀರಾಗುತ್ತೆ. ಅರ್ಧ ಡೇರೆ ಜನ ಇದ್ರೆ ನೆತ್ತಿ ಮಾತ್ರ ಒದ್ದೆ. ಡೇರೆ ತುಂಬಿದ್ರೆ ಕೆಳಗೆ ಹಗ್ಗದ ತೂತಿನವರೆಗೆ. ನಿಮ್ಮಂಗಳ ಚಿಕ್ಕದು, ಊಟಕ್ಕೆ ಜಾಗ ಬೇಕು ಅಂತ ಶೆಂಗೆ ಶನಿವಾರ ಬೆಳಗ್ಗೇನೇ ಇಳಿಸಿ ತಂದ ನೋಡು, ಆಗ ಇದು ಬುಡದವರೆಗೆ ಸೋರ್ತಿತ್ತು. ಹಿಂಡಿದ್ರೆ ನೀರು. ಬೆಳಗಿನ ತನಕ ಯಾರೂ ಎದ್ದು ಹೋಗಿಲ್ಲ, ಬಾಯೂ ಮುಚ್ಚಿಲ್ಲ."

ಜಿಬುಯಿಲೆ ಒಂದು ಗೆರೆಯನ್ನು ಬೆರಳಲ್ಲಿ ಮುಟ್ಟುತ್ತಾಳೆ. "ಮಾಂಸದೂಟಕ್ಕೆ ಬಂದ್ರು ಅಂತಾರೆ."

"ಮಾಂಸ ಶನಿವಾರ ಮಧ್ಯಾಹ್ನ. ಹಾಡಿದ್ದು ಶುಕ್ರವಾರ ರಾತ್ರಿ."

ಅವಳು ಡೇರೆಯೊಳಗೆ ಮುಖವಿಟ್ಟು ಬಹಳ ಹೊತ್ತು ಅಳುತ್ತಾಳೆ. ಮಾಶೇಜಿ ತಡೆಯುವುದಿಲ್ಲ. ಅತ್ತ ಹತ್ತನೆಯ ಹಗ್ಗದ ಹೊಲಿಗೆಗಳಿಗೆ ಕೆನ್ನೆ ಒತ್ತುತ್ತಾ, ಒಂದು ಪ್ರಾರ್ಥನೆಯ ಹಾಡನ್ನು ಬಾಯೊಳಗೇ ಗುನುಗುತ್ತಾ ಹೋಗುತ್ತಾರೆ. ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ಅವರದು ಚಿಕ್ಕ ಉತ್ತರ: "ನಾನು ಹೋಗೋದು ಜುಲೈನಲ್ಲಿ ಆಗ್ಲಿ. ಒಣಗಿಸೋರಿಗೆ ಸುಲಭ."

ಹುಡುಗಿ ಮುಖ ಒರೆಸಿಕೊಂಡು ಹೊರಗೆ ಬರುತ್ತಾಳೆ. ಬೆಟ್ಟದ ಗಾಳಿ ಎದ್ದಿದೆ, ಹದಿನಾಲ್ಕು ಹಗ್ಗಗಳೂ ತೂಗುತ್ತಿವೆ.

"ಹಾಗಾದ್ರೆ ಡೇರೆ ಒದ್ದೆ ಬಂತು ಅಂತ ಹೇಳ್ತೀರಲ್ಲ ಮಾ?"

"ಹೇಳ್ತೀನಿ. ಕೇಳಿದೋರಿಗೆಲ್ಲ ಹೇಳ್ತೀನಿ. ಒಳಗಿಂದ ಒದ್ದೆ ಬಂತು ಅಂತ."

"ಒಳಗಿಂದ ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ಹೇಗೂ ಒದ್ದೆ ತಾನೇ. ಮಳೆ ಅಂತಾನೇ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಾಶೇಜಿ ಅವಳ ತಲೆಯ ಮೇಲೆ ಕೈಯಿಡುತ್ತಾರೆ. "ಇಲ್ಲ ಮಗಳೇ, ಹೇಳಲ್ಲ. ಅಷ್ಟು ಜನ ರಾತ್ರಿಯೆಲ್ಲ ಹಾಡಿ ಕೊಟ್ಟಿದ್ದನ್ನ ತಗೊಂಡು ಹೋಗಿ ಮೋಡಕ್ಕೆ ಕೊಡು ಅಂದ್ರೆ, ನಾನು ಕೊಡಲ್ಲ."