ಗಾಜಿನ ಆಂಟಿ

ವಾರ್ಡಿನ ಮಕ್ಕಳು ಆಕೆಯನ್ನು ಗಾಜಿನ ಆಂಟಿ ಎನ್ನುತ್ತಿದ್ದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಆರ್‌ಐ ಯಂತ್ರ ನಡೆಸುವುದು ಆಕೆಯ ಕೆಲಸ. ಯಂತ್ರದ ಕೋಣೆಗೂ ಆಕೆ ಕೂರುವ ಕೋಣೆಗೂ ನಡುವೆ ದಪ್ಪ ಗಾಜು. ಒಳಗೆ ಮಲಗಿದ ಮಗುವಿಗೆ ಪುಟ್ಟ ಕನ್ನಡಿಯಲ್ಲಿ ಗಾಜಿನಾಚೆಯ ಒಂದು ಮುಖ ಕಾಣುತ್ತಿತ್ತು, ಹೆಡ್‌ಫೋನಿನಲ್ಲಿ ಒಂದು ದನಿ ಕೇಳುತ್ತಿತ್ತು. “ಅಲ್ಲಾಡಬೇಡ ಕಂದ, ಇನ್ನು ಸ್ವಲ್ಪ ಹೊತ್ತು.” ವರ್ಷಗಟ್ಟಲೆ ಅದನ್ನೇ ಹೇಳಿ ಹೇಳಿ ಆಕೆಗೆ ಬೇರೆ ಮಾತೇ ಮರೆತಂತಾಗಿತ್ತು.

ಮನೆಯಲ್ಲಿ ಮಾತಾಡುವುದಾದರೂ ಯಾರ ಜೊತೆ? ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ಕಳೆದಿತ್ತು. ಹಾಲು ತಣ್ಣಗಿದೆ, ಕಿಟಕಿ ಯಾಕೆ ತೆಗೆದೆ ಎಂದು ತಾಯಿ ದಿನವಿಡೀ ಗೊಣಗುವಾಗ, ಒಂದು ಗಳಿಗೆ ಸುಮ್ಮನಿದ್ದರೆ ಸಾಕಪ್ಪ ಅನಿಸುತ್ತಿತ್ತು. ಹೋದ ವರ್ಷ ತಾಯಿ ತೀರಿಕೊಂಡ ಮೇಲೆ ಮನೆ ಸುಮ್ಮನಾಯಿತು. ಬೇರೆ ಊರಿನಲ್ಲಿದ್ದ ತಮ್ಮ ಆಗಾಗ ಫೋನ್ ಮಾಡಿ “ಅಕ್ಕಾ, ಊಟ ಆಯ್ತಾ?” ಎನ್ನುತ್ತಿದ್ದ. “ಆಯ್ತು ಕಣೋ” ಎಂದರೆ ಇಬ್ಬರ ಮಾತೂ ಮುಗಿಯಿತು.

ಕೆಲಸದ ಮೌನವೇ ಬೇರೆ. ಚಿತ್ರ ಎಲ್ಲರಿಗಿಂತ ಮೊದಲು ಆಕೆಗೇ ಕಾಣುತ್ತಿತ್ತು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಅದನ್ನು ನೋಡಿ ಹೇಳಬೇಕಾದವರು ಪಕ್ಕದ ಕತ್ತಲೆ ಕೋಣೆಯ ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತ ಅಪ್ಪ ಅಮ್ಮಂದಿರು ಆಕೆಯ ಮುಖವನ್ನೇ ದಿಟ್ಟಿಸುತ್ತಿದ್ದರು. ಹಾಗಾಗಿ ಮುಖವನ್ನು ಗೋಡೆಯಂತೆ ಇಟ್ಟುಕೊಳ್ಳುವುದೂ ರೂಢಿಯಾಗಿತ್ತು.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಮಕ್ಕಳಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ಮಾತಿನಮಲ್ಲಿ. ತಲೆನೋವೆಂದು ಮೊದಲ ಸಲ ಸ್ಕ್ಯಾನಿಂಗಿಗೆ ಬಂದಾಗ ಯಂತ್ರದೊಳಗೂ ಅರಳು ಹುರಿದಂತೆ ಮಾತು. “ಆಂಟಿ, ಇದ್ಯಾಕೆ ಹಿಂಗೆ ಬಡ್ಕೊಳ್ಳುತ್ತೆ? ನನಗೆ ಕೂದ್ಲಿಲ್ವಲ್ಲ, ಫೋಟೋ ಬೇಗ ಬರುತ್ತಾ?” ತಲೆ ಅಲ್ಲಾಡಿ ಚಿತ್ರವೆಲ್ಲ ಕಲಸಿಹೋಯಿತು. “ಬಾಯಿ ಮುಚ್ಕೊಂಡು ಮಲಗ್ತೀಯೋ ಇಲ್ವೋ?” ಎಂದು ಆಕೆ ಗದರಿದಳು. ಆ ಸಲ ಚಿತ್ರದಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಅದೇ ಹುಡುಗಿಯನ್ನು ಸ್ಟ್ರೆಚರಿನ ಮೇಲೆ ತಂದರು. ಬೆನ್ನಿಗೆ ಸೂಜಿ ಚುಚ್ಚಿ ಔಷಧ ಕೊಟ್ಟು ಒಂದು ವಾರವಾಗಿತ್ತು. ಹಾಲು ಕುಡಿಯುತ್ತಿದ್ದವಳ ಬಲಗೈಯಿಂದ ಲೋಟ ಜಾರಿತಂತೆ. ಅಮ್ಮಾ ಎನ್ನಲು ಹೋದರೆ ಬರೀ ಉಸಿರು ಬಂತಂತೆ. ಕಣ್ಣು ಮಾತ್ರ ಅತ್ತಿತ್ತ ಓಡುತ್ತಿತ್ತು.

ತೊಂದರೆಯಾದರೆ ಒತ್ತಿ ಬೆಲ್ಲು ಬಾರಿಸಲೆಂದು ಕೊಡುವ ರಬ್ಬರ್ ಗುಂಡನ್ನು ಆಕೆ ಅಭ್ಯಾಸದಂತೆ ಬಲಗೈಯಲ್ಲಿಟ್ಟಳು. ಅದು ಉರುಳಿ ಬಿತ್ತು. ಎತ್ತಿ ಎಡಗೈಗೆ ಕೊಟ್ಟಳು.

ಗಾಜಿನ ಈಚೆ ಬಂದು ಮೈಕ್ ಹತ್ತಿರ ಎಳೆದುಕೊಂಡಳು. “ನನ್ನ ಮಾತು ಕೇಳಿಸ್ತಾ ಇದ್ರೆ ಒಂದ್ಸಲ ಒತ್ತು.” ಬೆಲ್ಲು ಬಡಿಯಿತು. “ಹೆದರಿಕೆ ಆಗ್ತಿದೆಯಾ?” ಮತ್ತೆ ಬಡಿಯಿತು, ಈ ಸಲ ಬಹಳ ಹೊತ್ತು.

ಆಮೇಲೆ ಯಂತ್ರದ ಸದ್ದು ನಿಂತಾಗಲೆಲ್ಲ ಆಕೆ ಮಾತಾಡಿದಳು. ಬೆಳಗ್ಗೆ ಎರಡು ಕಾಲಿಗೆ ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತಿದ್ದನ್ನು ಹೇಳಿದಳು. ತನ್ನ ತಾಯಿ ಎಷ್ಟು ಗೊಣಗುತ್ತಿದ್ದರೆಂದರೆ ಪಕ್ಕದ ಮನೆಯ ಬೆಕ್ಕೂ ಈ ಕಡೆ ತಲೆ ಹಾಕುತ್ತಿರಲಿಲ್ಲ ಎಂದಳು. “ಬೈಯಿಸ್ಕೊಳ್ಳೋಕೆ ಈಗ ಯಾರೂ ಇಲ್ಲ ನೋಡು. ಬೇಜಾರಾಗುತ್ತೆ.” ಹೀಗೆಂದು ಆಕೆ ಯಾರಿಗೂ ಹೇಳಿರಲಿಲ್ಲ. ಒಳಗಿನಿಂದ ಬೆಲ್ಲು ಮೆಲ್ಲಗೆ ಒಂದು ಸಲ ಬಡಿಯಿತು.

ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿತ್ತು. ಮಿದುಳಿನ ಎರಡೂ ಬದಿಯಲ್ಲಿ, ಆಳದಲ್ಲಿ, ಬೆಳ್ಳಗೆ ಹೊಳೆಯುವ ಮಚ್ಚೆ. ದನಿ ನಡುಗಬಾರದೆಂದು ಮೈಕಿನ ಗುಂಡಿಯಿಂದ ಕೈ ತೆಗೆದಳು.

ಕತ್ತಲೆ ಕೋಣೆಯ ಡಾಕ್ಟರು ಚಿತ್ರಗಳನ್ನು ಹಿಂದೆ ಮುಂದೆ ಓಡಿಸಿ ನೋಡಿ, ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿದರು. “ರಕ್ತನಾಳ ಯಾವುದೂ ಕಟ್ಟಿಕೊಂಡಿಲ್ಲ. ರಕ್ತಸ್ರಾವಾನೂ ಇಲ್ಲ. ಬೆನ್ನಿಗೆ ಕೊಟ್ಟ ಔಷಧದ್ದೇ ಪರಿಣಾಮ ಅನ್ಸುತ್ತೆ. ಹೆಚ್ಚಿನ ಮಕ್ಕಳಿಗೆ ಕೆಲವೇ ದಿನದಲ್ಲಿ ಸರಿಹೋಗುತ್ತೆ, ಆದ್ರೆ ಖಾತ್ರಿ ಹೇಳೋಕಾಗಲ್ಲ.” ಬಾಗಿಲಲ್ಲಿ ನಿಂತಿದ್ದ ಆಕೆಗೆ ಹೋದ ಉಸಿರು ಅರ್ಧ ವಾಪಸ್ ಬಂತು.

ಹೊರಗೆ ಬೆಂಚಿನಿಂದ ಹುಡುಗಿಯ ತಾಯಿ ಎದ್ದು ನಿಂತರು. “ಏನಾದ್ರೂ ಕಾಣಿಸ್ತಾ ಅಕ್ಕಾ?”

“ಡಾಕ್ಟರ್ ಬಂದು ಹೇಳ್ತಾರೆ” ಎಂದಳು, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಆದರೆ ಎಂದಿನಂತೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಆ ತಾಯಿಯ ಪಕ್ಕ ಕೂತಳು. “ನಿಮ್ಮ ಮಗಳು ನನ್ನ ಜೊತೆ ಮಾತಾಡಿದ್ಲು” ಎಂದಳು.

“ಮಾತಾಡಿದ್ಲಾ?”

“ಬಾಯಲ್ಲಲ್ಲ. ಗುಂಡು ಒತ್ತಿ ಒತ್ತಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಲು. ಅವಳಿಗೆ ಎಲ್ಲಾ ತಿಳೀತಿದೆ.”

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಡಾಕ್ಟರು ಬರುವವರೆಗೆ ಆಕೆ ಏಳಲಿಲ್ಲ.

ಸ್ಕ್ಯಾನ್ ಮುಗಿದು ಮೇಲೆ ಹೋದ ಮಗುವಿಗೆ ಏನಾಯಿತೆಂದು ನೆಲಮಾಳಿಗೆಗೆ ಯಾರೂ ಬಂದು ಹೇಳುವುದಿಲ್ಲ. ಎರಡು ದಿನ ಆಕೆ ತಡೆದುಕೊಂಡಳು. ಕೊನೆಗೆ ಕೆಲಸ ಮುಗಿಸಿ, ಇಷ್ಟು ವರ್ಷದಲ್ಲಿ ಮೊದಲ ಸಲ ವಾರ್ಡಿಗೆ ಹತ್ತಿಹೋದಳು. ಹುಡುಗಿ ದಿಂಬಿಗೆ ಒರಗಿ ಬಲಗೈಯಲ್ಲೇ ಬಿಸ್ಕತ್ತು ಹಿಡಿದಿದ್ದಳು. ಆಕೆಯನ್ನು ಕಂಡು ಒಂದೊಂದೇ ಪದ ಹುಡುಕಿ ತೆಗೆದಳು. “ಚಪ್ಪಲಿ... ಇವತ್ತು... ಸರಿ ಇದೆಯಾ?”

ಆಕೆ ನಗಲು ಹೋಗಿ ಮುಖ ತಿರುಗಿಸಿಕೊಂಡಳು.

ಮುಂದಿನ ಸ್ಕ್ಯಾನಿನಲ್ಲಿ ಹೊಳಪು ಹೋಗಿತ್ತು, ಮಸುಕಾದ ಗುರುತೊಂದು ಉಳಿದಿತ್ತು. ಲೆಕ್ಕ ಮಾಡುವಾಗ ಸ್ವಲ್ಪ ತಡವರಿಸುತ್ತಾಳೆ ಎಂದು ತಾಯಿ ಹೇಳಿದರು. ಅದು ಆ ಗುರುತಿನದೋ, ಇಷ್ಟು ದಿನ ಶಾಲೆ ತಪ್ಪಿದ್ದರದೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಚಿಕಿತ್ಸೆ ಮುಗಿಸಿ ಅವರು ತಮ್ಮ ಊರಿಗೆ ಹೊರಟಾಗ ತಾಯಿ ಆಕೆಯ ನಂಬರ್ ಬರೆದುಕೊಂಡರು.

ಮೊದಮೊದಲು ಭಾನುವಾರ ಫೋನ್ ಬರುತ್ತಿತ್ತು. ಹುಡುಗಿ ಹಳೆಯ ಹಾಗೆಯೇ ವಟಗುಟ್ಟುತ್ತಿದ್ದಳು. ಕೂದಲು ಬಂದಿದೆ, ಹೊಸ ಗೆಳತಿ ಸಿಕ್ಕಿದ್ದಾಳೆ, ಮಾತು ಜಾಸ್ತಿ ಎಂದು ಟೀಚರ್ ಜಾಗ ಬದಲಿಸಿದ್ದಾರೆ. ಆಮೇಲೆ ಎರಡು ವಾರಕ್ಕೊಮ್ಮೆ ಆಯಿತು. ಆಮೇಲೆ ನಿಂತಿತು.

ಭಾನುವಾರ ಊಟದ ನಂತರ ಆಕೆ ಫೋನನ್ನು ಹತ್ತಿರವಿಟ್ಟುಕೊಂಡು ಕೂರುತ್ತಾಳೆ. ಎಷ್ಟೋ ಸಲ ಆ ನಂಬರನ್ನು ತೆಗೆದು ನೋಡಿದ್ದಾಳೆ. ಆದರೆ ತಾನಾಗಿ ಕರೆ ಮಾಡಿಲ್ಲ. ಆಸ್ಪತ್ರೆಯವರ ಫೋನ್ ಬಂತೆಂದರೆ ಆ ಮನೆಯಲ್ಲಿ ಮೊದಲ ಗಳಿಗೆ ಎಲ್ಲರ ಕೈಕಾಲು ತಣ್ಣಗಾಗುತ್ತದೆಂದು ಆಕೆಗೆ ಗೊತ್ತು.