ರಾಣಿಯ ಗಾಡಿ, ನನ್ನ ನಡಾವಳಿ

ನ್ಯೂಜೆರ್ಸಿಯ ಆ ಸಣ್ಣ ಊರಿಗೆ ಬಂದಿಳಿದ ಒಂಬತ್ತನೆಯ ದಿನ ವಿಕ್ಟೋರಿಯಾ ರಾಣಿ ನನ್ನತ್ತ ಕೈಬೀಸಿದಳು. ಡಿಸೆಂಬರ್ ತಿಂಗಳು, ಸಂಜೆ ನಾಲ್ಕೂವರೆ, ಆಗಲೇ ಕತ್ತಲು ಕವಿದಿತ್ತು. ಹಾಲು ತರಲು ಹೊರಟವಳು ಮುಖ್ಯ ಬೀದಿಯ ತಿರುವಿನಲ್ಲಿ ನಿಂತುಬಿಟ್ಟೆ. ಬೆಳಿಗ್ಗೆಯಷ್ಟೇ ಕಾರುಗಳು ಓಡಾಡುತ್ತಿದ್ದ ಬೀದಿಯಲ್ಲಿ ಒಂದೂ ಕಾರಿರಲಿಲ್ಲ. ಹೆಂಗಸರು ಮಂಕರಿ ಕವುಚಿದಂತೆ ಉಬ್ಬಿದ ಲಂಗ ತೊಟ್ಟಿದ್ದರು. ಗಂಡಸರ ತಲೆಯ ಮೇಲೆ ಕೊಳವೆಯಂಥ ಕರಿಯ ಟೋಪಿಗಳು. ಒಬ್ಬ ಕೈಗಂಟೆ ಬಾರಿಸುತ್ತ ಏನನ್ನೋ ಸಾರುತ್ತಿದ್ದ. ಎರಡು ಕುದುರೆಗಳ ಗಾಡಿಯಲ್ಲಿ ಕಪ್ಪು ಉಡುಪಿನ, ಪುಟ್ಟ ಕಿರೀಟದ ದಪ್ಪನೆಯ ಹೆಂಗಸೊಬ್ಬಳು ಕೂತಿದ್ದಳು. ಯಾರವಳು ಎಂದು ಪಕ್ಕದವಳನ್ನು ಕೇಳಿದೆ. "ರಾಣಿ. ವಿಕ್ಟೋರಿಯಾ," ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಗೊತ್ತಿಲ್ಲದೆ ಏನು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಮೂಲೆಯಲ್ಲಿ ನಿಂತ ಅವಳ ಪ್ರತಿಮೆಯನ್ನು ಹನ್ನೊಂದು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ವರಮಹಾಲಕ್ಷ್ಮಿಯ ದಿನ ಅಮ್ಮ ಕಲಶದ ಮುಂದೆ ಇಡುತ್ತಿದ್ದ ಬೆಳ್ಳಿ ರೂಪಾಯಿಯ ಮೇಲೂ ಅವಳದೇ ಮುಖ. ನಾವು ಹಾಲಿನಲ್ಲಿ ತೊಳೆದು ಕುಂಕುಮವಿಡುತ್ತಿದ್ದ ರಾಣಿ ಇಲ್ಲಿ ಜೀವಂತವಾಗಿ ಮೆರವಣಿಗೆ ಹೊರಟಿದ್ದಳು. ಬ್ರಿಟಿಷರನ್ನು ನಮಗಿಂತ ಮೊದಲೇ ಓಡಿಸಿದ ದೇಶ ಇದು ಎಂದು ಓದಿದ್ದೆ. ಓಡಿಸಿದವರ ಮೊಮ್ಮಕ್ಕಳು ಅವಳನ್ನು ಗಾಡಿಯಲ್ಲಿ ಕೂರಿಸಿ ಮೆರೆಸುವುದು ಯಾಕೆಂದು ಆ ಸಂಜೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಊರಿನ ಮರದ ಮನೆಗಳೆಲ್ಲ ಅವಳ ಕಾಲದವು. ಗಿರಾಕಿಗಳು ದೊಡ್ಡ ಮಾಲ್‌ಗಳ ಪಾಲಾದಾಗ ಅಂಗಡಿಯವರು ಸೇರಿ ಈ ಉಪಾಯ ಹೂಡಿದ್ದರು. ಕ್ರಿಸ್‌ಮಸ್ಸಿಗೆ ಮುಂಚಿನ ಮೂರು ಶನಿವಾರ ಇಡೀ ಬೀದಿ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಅದಕ್ಕೆ 'ವಿಕ್ಟೋರಿಯನ್ ಹಾಲಿಡೇ' ಎಂದು ಹೆಸರು.

ನನ್ನ ಗಂಡ ಮೂರ್ತಿ ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಆಗ ಬಂದ ಕನ್ನಡಿಗರಲ್ಲಿ ಬಹಳ ಜನ ಕಂಪ್ಯೂಟರಿನವರು. ಎರಡು ಸಾವಿರದ ಇಸವಿ ಹುಟ್ಟಿದೊಡನೆ ದಾರಿ ತಪ್ಪಲಿರುವ ಯಂತ್ರಗಳನ್ನು ಸರಿಮಾಡಲು ಬಂದು, ಈಸ್ಟ್ ಬ್ರನ್ಸ್‌ವಿಕ್ಕಿನಲ್ಲೋ ವೆಸ್ಟ್ ವಿಂಡ್ಸರಿನಲ್ಲೋ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ ಮನೆ ಮಾಡಿದ್ದರು. ಮೂರ್ತಿಯ ಆಫೀಸು ಈ ಊರಿನಲ್ಲಿದ್ದುದರಿಂದ ನಾವು ಒಂಟಿ. ನಮ್ಮದು ಹಳೆಯ ಮರದ ಮನೆಯ ಮೇಲಂತಸ್ತು. ನಡೆದರೆ ನೆಲ ಕಿರುಗುಟ್ಟುತ್ತಿತ್ತು, ಗೋಡೆಯ ಬದಿಯ ಹೀಟರ್ ಹಬೆಯ ಇಡ್ಲಿ ಪಾತ್ರೆಯಂತೆ ಬುಸುಗುಡುತ್ತಿತ್ತು. ಕರಿಬೇವಿಗೆ ನಲವತ್ತು ನಿಮಿಷ ಡ್ರೈವ್ ಮಾಡಬೇಕು. ಕನ್ನಡ ಬೇಕೆನಿಸಿದರೆ ಹಿಲ್ಸ್‌ಬರೋದ ಭಾರತಿಗೆ ಫೋನ್. ಅವರು ಹುಬ್ಬಳ್ಳಿಯವರು.

ನನ್ನ ವೀಸಾ ಡಿಪೆಂಡೆಂಟ್, ಅಂದರೆ ಗಂಡನ ಬೆನ್ನಿಗೆ ಬಂದವಳು. ಸಂಬಳದ ಕೆಲಸ ಮಾಡುವಂತಿಲ್ಲ. ಬೆಂಗಳೂರಿನಲ್ಲಿ ನಾನು ಶಾಸನಸಭೆಯ ಕಲಾಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವರದಿಗಾರ್ತಿ. ಸದಸ್ಯರು ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ನಕ್ಕರೆ ಕಂಸದಲ್ಲಿ 'ನಗು', ಕೂಗಾಡಿದರೆ 'ಗೊಂದಲ'. ಆಡಬಾರದ್ದನ್ನು ಆಡಿದಾಗ ಕಡತದಿಂದ ತೆಗೆದುಹಾಕಿ ಎಂದು ಅಪ್ಪಣೆ ಕೊಡುವ ಅಧಿಕಾರ ಪೀಠದಲ್ಲಿ ಕೂತವರಿಗೆ ಮಾತ್ರ. ನಮಗೆ ಒಂದು ಪದವನ್ನೂ ಬಿಡುವ ಹಕ್ಕಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಬಿಟ್ಟಿರಲಿಲ್ಲ.

ಗ್ರಂಥಾಲಯದ ಫಲಕದಲ್ಲಿ ಹಬ್ಬದ ಸಮಿತಿಗೆ ವಾಲಂಟಿಯರ್ ಬೇಕು ಎಂಬ ಚೀಟಿ ನೋಡಿದೆ. ಸಂಬಳವಿಲ್ಲದ ಕೆಲಸ; ಈ ದೇಶದಲ್ಲಿ ಅದಕ್ಕೆ ಮರ್ಯಾದೆಯಿದೆ. ಸಮಿತಿಯ ಅಧ್ಯಕ್ಷೆ ಡೊರೊಥಿ. ಪರದೆ ಬಟ್ಟೆಯ ಅಂಗಡಿಯವಳು, ಪ್ರತಿ ವರ್ಷ ರಾಣಿಯಾಗುವವಳೂ ಅವಳೇ. ನನ್ನ ಶೀಘ್ರಲಿಪಿ ನೋಡಿ ಚಪ್ಪಾಳೆ ತಟ್ಟಿ, ನಡಾವಳಿ ಬರೆಯುವ ಕೆಲಸ ಕೊಟ್ಟಳು. ವಿಶಾಲಾಕ್ಷಿ ಎನ್ನಲು ಬಾರದೆ 'ವಿಶ್' ಎಂದಳು. ತನ್ನ ಹಳೆಯ ಉಣ್ಣೆಯ ಕೋಟು ಕೊಟ್ಟಳು. ಅದನ್ನೂ ಹೇಳಬೇಕು. ಆ ಕೋಟಿಲ್ಲದೆ ನಾನು ಮೊದಲ ಚಳಿಗಾಲ ದಾಟುತ್ತಿರಲಿಲ್ಲ.

ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಆರು ಜನ ಸೇರುತ್ತಿದ್ದೆವು. ಮೊದಲ ಸಭೆಯ ನಂತರ ನಾನು ಕೊಟ್ಟ ಹತ್ತು ಪುಟ ನೋಡಿ ಡೊರೊಥಿ ನಕ್ಕಳು. "ಹನಿ, ನಾವು ಮಾಡಿದ್ದು ಬೇಕು, ಆಡಿದ್ದು ಬೇಡ." ಅಂದಿನಿಂದ ಒಂದೇ ಪುಟ ಕೊಟ್ಟೆ. ಪುಸ್ತಕದಲ್ಲಿ ಮಾತ್ರ ಅಭ್ಯಾಸಬಲದಿಂದ ಎಲ್ಲವನ್ನೂ ಬರೆಯುತ್ತ ಹೋದೆ. ಬೀದಿಯಲ್ಲಿ ಜನ "ಹಾಯ್ ವಿಶ್" ಎನ್ನತೊಡಗಿದರು. ಸುಟ್ಟ ಚೆಸ್ಟ್‌ನಟ್ ಮಾರುವವನು ನಾಲ್ಕು ಹೆಚ್ಚಿಗೆ ಹಾಕುತ್ತಿದ್ದ. ಅದು ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ರುಚಿಯ ಕಾಯಿ. ಆ ಕೋಣೆಯಲ್ಲಿ ನನಗೊಂದು ಕುರ್ಚಿಯಿತ್ತು. ಆ ಕುರ್ಚಿಯ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಮರುವರ್ಷ ಅಮ್ಮ ಆರು ತಿಂಗಳಿಗೆಂದು ಬಂದಳು. ತಿಪಟೂರಿನಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ಹೆಡ್ ಮೇಡಂ ಆಗಿ ನಿವೃತ್ತಳಾದವಳು. ಅಕ್ಟೋಬರ್ ಸಭೆಯಲ್ಲಿ ಡೊರೊಥಿ ನನ್ನತ್ತ ತಿರುಗಿ, "ವಿಶ್, ನಿನ್ನ ತಾಯಿ ಬಂದಿದ್ದಾರಲ್ಲ? ರಾಣಿಯ ಸೇವೆಗೆ ಇಂಡಿಯಾದವರಿದ್ದರು, ಗೊತ್ತಾ? ಅವರು ಗಾಡಿಯಲ್ಲಿ ನನ್ನ ಹಿಂದೆ ಶಾಲು ಹಿಡಿದು ನಿಲ್ಲಲಿ. ಮುದ್ದಾದ ಆಯಾ! ವೇಷದ ಖರ್ಚೂ ಇಲ್ಲ, ಇದ್ದ ಹಾಗೇ ಬಂದರಾಯಿತು," ಎಂದಳು. ಎಲ್ಲರೂ ನಕ್ಕರು. ಕಂಸದಲ್ಲಿ 'ನಗು' ಎಂದು ಬರೆದೆ. ಆ ನಗುವಿನಲ್ಲಿ ನನ್ನದೂ ಇತ್ತು. ಆಮೇಲೆ ನಾನು, "ಖಂಡಿತ, ಅಮ್ಮನಿಗೆ ಸಂತೋಷವಾಗುತ್ತದೆ," ಎಂದೆ. ಅದನ್ನೂ ಬರೆದುಕೊಂಡೆ.

ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಬೇರೆ. "ಅಮ್ಮ, ನಿನ್ನನ್ನ ರಾಣಿ ಜೊತೆ ಗಾಡೀಲಿ ಕರ್ಕೊಂಡು ಹೋಗ್ತಾರಂತೆ. ಇಲ್ಲಿ ಅದು ದೊಡ್ಡ ಗೌರವ."

"ನನ್ನನ್ನ್ಯಾಕೆ?"

"ಟೀಚರ್ ಅಲ್ವಾ ನೀನು."

ಡಿಸೆಂಬರಿನ ಮೆರವಣಿಗೆಗೆ, ಬೀಳ್ಕೊಡುಗೆಯ ದಿನ ಶಾಲೆಯವರು ಉಡಿಸಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಅಮ್ಮ ಉಟ್ಟಳು. ಒಳಗೆ ಎರಡು ಸ್ವೆಟರ್, ಕಾಲಿಗೆ ಮೂರ್ತಿಯ ಸಾಕ್ಸ್. ಗಾಡಿಯಲ್ಲಿ ಅವಳಿಗೆ ಆಸನವಿರಲಿಲ್ಲ. ರಾಣಿಯ ಬೆನ್ನ ಹಿಂದಿನ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ಕಂಬಿ ಹಿಡಿದು ಬೀದಿಯನ್ನು ಎರಡು ಸುತ್ತು ಬಂದಳು. ಜನ ಕೈಬೀಸಿದರು, ಅಮ್ಮ ಶಾಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಲೆಬಾಗಿ ನಕ್ಕಳು. ಇಳಿದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಅವಳ ಕೈಗೆ ಚಕ್ಕೆ ಲವಂಗ ಹಾಕಿದ ಬಿಸಿ ಸೇಬಿನ ರಸ ಕೊಟ್ಟೆ. "ಕಷಾಯ ಚೆನ್ನಾಗಿದೆ ಕಣೇ," ಎಂದಳು.

ಮುಂದಿನ ಬುಧವಾರ ಭಾರತಿಯ ಫೋನ್. "ವಿಶಾಲಾಕ್ಷಿಯವರ, ಕೂತೀರೋ ನಿಂತೀರೋ? ಕೂಡ್ರಿ ಮೊದ್ಲ. ನಿಮ್ಮೂರಾಗ ಬಂದೀನಿ. ಅಂಗಡಿ ಕಿಟಕ್ಯಾಗೆಲ್ಲ ನಿಮ್ಮ ಅವ್ವಾರ ಫೋಟೋ ಹಚ್ಯಾರ. ಕೆಳಗ ಏನ್ ಬರದಾರ ಗೊತ್ತೇನ್ರಿ? 'ರಾಣಿ ಮತ್ತು ಅವಳ ನಂಬಿಗಸ್ತ ಆಯಾ.' ಏನ್ರಿ ಇದು? ಶಾಸಕರ ಬೈಗುಳಾನೂ ಬಿಡದ ಬರ್ಕೊಂಡಾಕಿ ನೀವು, ಈಗ ಬಾಯಿ ಮುಚ್ಚಿ ಕೂಡ್ತೀರೇನು?"

ನಾನು ಬೀದಿಗೆ ಓಡುವಷ್ಟರಲ್ಲಿ ಅಮ್ಮ ಗ್ರಂಥಾಲಯದ ಬಾಗಿಲಿಗೂ ಅಂಟಿಸಿದ್ದ ಅದನ್ನು ಓದುತ್ತ ನಿಂತಿದ್ದಳು. ಇಂಗ್ಲಿಷನ್ನು ಅವಳು ತಿದ್ದುವವಳ ಹಾಗೆ ನಿಧಾನವಾಗಿ ಓದುತ್ತಾಳೆ.

"ನಮ್ ಸ್ಕೂಲಲ್ಲೂ ಆಯಾ ಇದ್ಲು, ಗೌರಮ್ಮ. ಅವಳ ಕೆಲಸ ಕೀಳಲ್ಲ. ಆದ್ರೆ ನಾನು ಗೌರಮ್ಮ ಅಲ್ಲ. ಹೆಸರು ಕೇಳಬಹುದಿತ್ತು." ನನ್ನತ್ತ ತಿರುಗಿ, "ನಿಂಗೆ ಮೊದಲೇ ಗೊತ್ತಿತ್ತಾ?" ಎಂದಳು.

"ಇಲ್ಲಮ್ಮ," ಎಂದೆ.

ಆ ಒಂದು ಮಾತು ಆಡಿದ ಗಳಿಗೆಯಿಂದ ನನಗೆ ಡೊರೊಥಿಯ ಮೇಲೆ ಹುಟ್ಟಿದಂಥ ದ್ವೇಷ ಬೇರೆ ಯಾರ ಮೇಲೂ ಹುಟ್ಟಿಲ್ಲ. ಅವಳ ಅಂಗಡಿಗೆ ಹೋಗಿ, ಕಿಟಕಿಗಳಿಂದ ಆ ಚಿತ್ರ ತೆಗೆಸು, ಅಮ್ಮನ ಕ್ಷಮೆ ಕೇಳು ಎಂದೆ. ಅವಳು ಅಳತೆ ಟೇಪು ಸುತ್ತುತ್ತ, "ಹನಿ, ಅದು ಪ್ರೀತಿಯಿಂದ ಹಾಕಿದ್ದು. ಎಷ್ಟು ಚೆಂದ ಬಂದಿದೆ ಅಂದರೆ ಮುಂದಿನ ವರ್ಷದ ಪೋಸ್ಟರಿಗೂ ಅದನ್ನೇ ಹಾಕುತ್ತೇವೆ. ಅಲ್ಲದೆ ನೀನೇ ಒಪ್ಪಿಕೊಂಡಿದ್ದೆಯಲ್ಲ," ಎಂದಳು. ಅವಳು ಹೇಳಿದ್ದು ನಿಜ. ಅದಕ್ಕೇ ಅವಳನ್ನು ಬಿಡಬಾರದು ಎನಿಸಿತು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಸಮಿತಿಯ ವಾರ್ಷಿಕ ಸಭೆ. ಊರಿನವರು ಯಾರು ಬೇಕಾದರೂ ಬರಬಹುದು. ವರ್ಷದ ನಡಾವಳಿಯನ್ನು ಓದಬೇಕೆಂಬ ನಿಯಮವಿದೆ, ಆದರೆ ಎಲ್ಲರೂ ಕೈಯೆತ್ತಿ 'ಓದಿದಂತೆ ಭಾವಿಸೋಣ' ಎಂದು ಮುಂದೆ ಹೋಗುವುದು ರೂಢಿ. ಒಬ್ಬರು ಓದಿ ಎಂದರೂ ಓದಲೇಬೇಕು. ನಾನು ಒಂದು ವಾರ ಕೂತು ಶೀಘ್ರಲಿಪಿಯ ಪುಸ್ತಕಗಳನ್ನು ಬಿಡಿಸಿ ಟೈಪ್ ಮಾಡಿದೆ. ಮೂರ್ತಿ ಬಾಗಿಲಲ್ಲಿ ನಿಂತು, "ಬೇರೆಯವರು ಕೋಪ ಬಂದ್ರೆ ಕೂಗ್ತಾರೆ, ನೀನು ಟೈಪ್ ಮಾಡ್ತೀಯಲ್ಲೇ," ಎಂದರು.

"ನೀವು ಕೈಯೆತ್ತಿ ಓದಿ ಅನ್ನಿ, ಸಾಕು."

ಅಂದು ಸುಮಾರು ಅರವತ್ತು ಜನ ಸೇರಿದ್ದರು. ಅಮ್ಮ ಎರಡನೆಯ ಸಾಲಿನಲ್ಲಿ ಅದೇ ನೇರಳೆ ಸೀರೆಯುಟ್ಟು ಕೂತಿದ್ದಳು. ಡೊರೊಥಿ ರೂಢಿಯ ಮಾತು ಹೇಳಿ ಮುಂದಕ್ಕೆ ಹೊರಟಾಗ ಮೂರ್ತಿ ಕೈಯೆತ್ತಿದರು. "ಓದಿದರೆ ಕೇಳುವ ಆಸೆ," ಎಂದರು. ನಾನು ಎದ್ದು ನಿಂತು, ಸದನದಲ್ಲಿ ಕಲಿತ ಹಾಗೆ, ಯಾವ ಪದಕ್ಕೂ ಒತ್ತು ಕೊಡದೆ ಓದಿದೆ.

ಬೇಕರಿಯ ಹೆಲೆನ್ ಬಗ್ಗೆ ಡೊರೊಥಿ ಆಡಿದ್ದು: "ಅವಳಿಗೆ ಉಬ್ಬು ಲಂಗ ಯಾಕೆ, ದೇವರೇ ಕೊಟ್ಟಿದ್ದಾನೆ." ಕಂಸದಲ್ಲಿ ನಗು. ಹೆಲೆನ್ ಮೂರನೆಯ ಸಾಲಿನಲ್ಲಿದ್ದಳು. ಅಗ್ನಿಶಾಮಕ ದಳದ ಮುಖ್ಯಸ್ಥನ ಬಗ್ಗೆ ಆಡಿದ್ದು: "ಹೊಗೆ ಎದ್ದರೆ ಅವನಿಗೆ ವಾಸನೆ ಹತ್ತುವುದು ಹೇಗೆ, ಅವನ ಬಾಯಿಯ ನಾತವೇ ಜೋರು." ಅವನು ಹೆಂಡತಿಯೊಂದಿಗೆ ಬಂದಿದ್ದ. ಹಾಲ್‌ನಲ್ಲಿ ಕುರ್ಚಿ ಸರಿದ ಸದ್ದಾಯಿತು. "ಇದು ನಡಾವಳಿ ಅಲ್ಲ!" ಎಂದಳು ಡೊರೊಥಿ. ಹೆಲೆನ್, "ಓದಲಿ," ಎಂದಳು. ನನಗೆ ಆಗ ಹೇಗೆನಿಸಿತು ಎಂಬುದನ್ನೂ ಇದ್ದ ಹಾಗೇ ಹೇಳುತ್ತೇನೆ. ಹಿತವೆನಿಸಿತು. ಒಂದು ವರ್ಷದ ಚಳಿ ಬಿಟ್ಟಂತಾಯಿತು.

ಅಕ್ಟೋಬರ್ ಸಭೆಗೆ ಬಂದೆ. ಮುದ್ದಾದ ಆಯಾ. ವೇಷದ ಖರ್ಚಿಲ್ಲ. ನಗು. ಮುಂದಿನ ಸಾಲು ನನ್ನದು. ಅದನ್ನು ನಾನು ಟೈಪ್ ಮಾಡಿದ್ದೆ, ಕಾಗದದ ಮೇಲೆ ಅದು ಇತ್ತು. ಕಣ್ಣೆತ್ತಿದರೆ ಅಮ್ಮ, ತರಗತಿಯ ಕೊನೆಯ ಬೆಂಚಿನವರೆಗೂ ಮುಟ್ಟುವ ಅವಳ ನೋಟ ನನ್ನ ಮೇಲೆ. ನಾನು ಪುಟ ತಿರುಗಿಸಿದೆ.

ಡೊರೊಥಿ ಎದ್ದಳು. ಮುಖ ಕೆಂಪಾಗಿತ್ತು. "ಅವಳು ಒಪ್ಪಿದಳು! ಖಂಡಿತ ಅಂದಳು, ತಾಯಿಗೆ ಸಂತೋಷ ಅಂದಳು. ಅದನ್ನು ಓದು ವಿಶ್, ನೀನು ಹೇಳಿದ್ದನ್ನು ಓದು!"

ಎಲ್ಲರೂ ನನ್ನನ್ನು ನೋಡಿದರು. ನಾನು ಕಾಗದ ನೋಡಿದೆ. "ಕಡತದಲ್ಲಿ ಹಾಗಿಲ್ಲ," ಎಂದೆ.

ಅವಳ ಮಾತನ್ನು ಒಬ್ಬರೂ ನಂಬಲಿಲ್ಲ. ಅಲ್ಲಿಯವರೆಗೆ ಓದಿದ್ದನ್ನು ಅವಳು ಅಲ್ಲಗಳೆದಿರಲಿಲ್ಲವಾದ್ದರಿಂದ, ಅದೆಲ್ಲ ಅಕ್ಷರಶಃ ನಿಜವೆಂದು ಸೇರಿದವರಿಗೆ ಗೊತ್ತಾಗಿತ್ತು. ಸಮಿತಿಯ ಉಳಿದ ನಾಲ್ವರಿಗೂ ತಮ್ಮ ನಗು ಓದಿಸಿಕೊಂಡ ಮೇಲೆ ಅವಳ ಪರ ಸಾಕ್ಷಿ ಹೇಳಲು ಬಾಯಿ ಬರಲಿಲ್ಲ. ಡೊರೊಥಿ ಅಧ್ಯಕ್ಷತೆ ಬಿಟ್ಟಳು. ಮಧ್ಯಾಹ್ನದೊಳಗೆ ಕಿಟಕಿಗಳಿಂದ ಚಿತ್ರಗಳು ಇಳಿದವು. ಅಮ್ಮನ ಪೂರ್ತಿ ಹೆಸರು ಬರೆದು, ಶಾಲೆಯ ಮುಖ್ಯೋಪಾಧ್ಯಾಯಿನಿ ಎಂದು ನಮೂದಿಸಿ, ಸಮಿತಿಯ ಕ್ಷಮಾಪಣೆ ಪತ್ರ ಬಂತು.

ಅಂದು ಸಂಜೆ ಕರಿಬೇವು ತರಲು ಹೊರಟಾಗ ಕಾರಿನಲ್ಲಿ ಅಮ್ಮ ನನ್ನ ಪಕ್ಕ ಕೂತಿದ್ದಳು. ಹಿಮ ತೆಗೆದು ರಸ್ತೆಯ ಬದಿಗೆ ರಾಶಿ ಹಾಕಿದ್ದರು.

"ಆ ಹೆಂಗಸಿನ ಬಾಯಿ ಕೆಟ್ಟದು," ಎಂದಳು. "ಆದ್ರೆ ಎದ್ದು ಕೂಗಿದಾಗ ಅವಳ ಮುಖ ನೋಡ್ದೆ. ಮೂವತ್ತೈದು ವರ್ಷ ಮಕ್ಕಳ ಮುಖ ನೋಡಿದೀನಿ. ಸುಳ್ಳು ಹೇಳೋ ಮುಖ ಅಲ್ಲ ಕಣೇ ಅದು."

ನಾನು ರಸ್ತೆ ನೋಡುತ್ತ ಡ್ರೈವ್ ಮಾಡಿದೆ. ಇನ್ನೊಂದು ಮೈಲಿಯಾದ ಮೇಲೆ, "ಹೀಟರ್ ಸ್ವಲ್ಪ ಜಾಸ್ತಿ ಮಾಡು," ಎಂದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಆ ಊರಿನಲ್ಲಿ ನಾವು ಉಳಿದೆವು. ಈಗ ಸಮಿತಿಯ ಕಾರ್ಯದರ್ಶಿ ನಾನೇ. ಒಂದು ಪದ ಬಿಡದವಳು ಎಂದು ನನಗೆ ಹೆಸರು. ಇಬ್ಬರ ನಡುವೆ ಜಗಳವಾದರೆ ವಿಶ್ ಏನು ಬರೆದುಕೊಂಡಿದ್ದಾಳೆ ಕೇಳಿ ಎನ್ನುತ್ತಾರೆ. ಡೊರೊಥಿ ನನ್ನನ್ನು ಕಂಡರೆ ಅಂಗಡಿಯ ಫಲಕ ತಿರುಗಿಸಿ 'ಮುಚ್ಚಿದೆ' ಮಾಡುತ್ತಾಳೆ. ಅದನ್ನು ನೋಡಲೆಂದೇ ಕೆಲವು ಸಲ ಆ ಕಡೆಯಿಂದ ಹೋಗುತ್ತೇನೆ. ಪಶ್ಚಾತ್ತಾಪವಿದೆಯೇ ಎಂದರೆ, ಅಮ್ಮನ ವಿಷಯದಲ್ಲಿದೆ, ಡೊರೊಥಿಯ ವಿಷಯದಲ್ಲಿಲ್ಲ. ಬೆಂಗಳೂರಿನಲ್ಲಿ ಇದನ್ನು ಮಾಡಿದ್ದರೆ ನನ್ನ ನೌಕರಿ ಹೋಗುತ್ತಿತ್ತು, ಹೋಗಬೇಕಾದದ್ದೇ. ಇಲ್ಲಿ ಅದರಿಂದಲೇ ನಾನು ಊರಿನವಳಾದೆ. ರಜೆಗೆ ಬೆಂಗಳೂರಿಗೆ ಹೋದಾಗ ಹಳೆಯ ಸಹೋದ್ಯೋಗಿಗಳ ಎದುರು ಕೂತರೆ ಬೇಗ ಎದ್ದುಬಿಡುತ್ತೇನೆ.

ಇದು ಅಚ್ಚಾಗುವ ಈ ಕನ್ನಡ ಪತ್ರಿಕೆಯನ್ನು ಅಮ್ಮ ತಿಪಟೂರಿಗೆ ತರಿಸುತ್ತಾಳೆ. ಅವಳು ಮೊದಲಿನಿಂದ ಕೊನೆಯವರೆಗೆ ಓದುವವಳು. ಆದ್ದರಿಂದ ಇಲ್ಲಿ ಪೂರ್ತಿ ಬರೆದಿದ್ದೇನೆ. "ಖಂಡಿತ, ಅಮ್ಮನಿಗೆ ಸಂತೋಷವಾಗುತ್ತದೆ" ಎಂದದ್ದು ನಾನು. ಕನ್ನಡದ ಕಡತದಲ್ಲಿ ಅದು ಇರಲಿ. ಇಂಗ್ಲಿಷಿನದರಲ್ಲಿ ಇಲ್ಲ, ಸೇರಿಸುವುದೂ ಇಲ್ಲ.