ಹದಿನೈದು ದಿನದ ನೋಟಿಸ್

ಅದು 2023ರ ಏಪ್ರಿಲ್. ಫುಟ್‌ಬಾಲ್ ವರ್ಲ್ಡ್ ಕಪ್ ಮುಗಿದು ನಾಲ್ಕು ತಿಂಗಳಾಗಿತ್ತು. ನಾನಾಗ ಕತಾರಿನ ಒಂದು ಮೆಂಟೆನೆನ್ಸ್ ಕಂಪೆನಿಯಲ್ಲಿ ಫೋರ್‌ಮನ್. ಕೊಳಚೆ ನೀರಿನ ಪಂಪ್ ಸ್ಟೇಷನ್ನುಗಳ ಹೊಂಡ ತೊಳೆಯುವುದು, ಒಳಗೆ ಕೆಟ್ಟು ಕೂತ ಪಂಪುಗಳನ್ನು ಎತ್ತುವುದು ನಮ್ಮ ಕೆಲಸ. ಊರಿನಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವ ನಾನು. ಆದರೆ ನಾನು ಮೇಲೆ ನಿಂತಿದ್ದ ಒಂಬತ್ತು ವರ್ಷಗಳಲ್ಲಿ ಹೊಂಡಕ್ಕಿಳಿದ ಒಬ್ಬನಿಗೂ ಏನೂ ಆಗಿರಲಿಲ್ಲ. ಇದನ್ನು ಜಂಬ ಎಂದರೂ ಅಡ್ಡಿಯಿಲ್ಲ.

ಹೊಂಡಕ್ಕೆ ಸುಮ್ಮನೆ ಇಳಿಯಲಾಗುವುದಿಲ್ಲ. ಪರ್ಮಿಟ್ ಎಂಬ ಕಾಗದ ತುಂಬಬೇಕು. ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ರೀಡಿಂಗ್ ತೆಗೆಯಬೇಕು. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹತ್ತು ಪಿಪಿಎಂ ಮುಟ್ಟಿದರೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು ಆದರೆ, ಯಾರೂ ಇಳಿಯುವಂತಿಲ್ಲ. ಸ್ವಲ್ಪ ಇದ್ದಾಗ ಅದು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ.

ಪರ್ಮಿಟ್ಟಿನ ಕೆಲಸ ಮೂರು ರೀಡಿಂಗಿಗೆ ಮುಗಿಯುತ್ತದೆ. ಆದರೆ ತಳದ ಕೆಸರಿನ ಅಡಿಯಲ್ಲಿ ಗ್ಯಾಸ್ ಸಿಕ್ಕಿಹಾಕಿಕೊಂಡಿರುತ್ತದೆ. ಮನುಷ್ಯ ಕಾಲಿಟ್ಟು ಕಲಕಿದ ಕೂಡಲೇ ಒಮ್ಮೆಲೇ ಏಳುತ್ತದೆ. ನಾನು ಹೊಸದಾಗಿ ಬಂದಾಗ ಒಬ್ಬ ಮುದುಕ ಪಠಾಣ್ ಫೋರ್‌ಮನ್ ಇದನ್ನು ನನಗೆ ತೋರಿಸಿಕೊಟ್ಟಿದ್ದ. ಹಾಗಾಗಿ ಮೂರು ರೀಡಿಂಗ್ ಆದಮೇಲೆ ನಾನೇ ಒಂದು ಉದ್ದದ ಪೈಪ್ ಇಳಿಸಿ ಕೆಸರನ್ನು ಚೆನ್ನಾಗಿ ತಿರುವುತ್ತಿದ್ದೆ. ಮತ್ತೆ ವ್ಯಾನಿನ ನೆರಳಿನಲ್ಲಿ ಎಲ್ಲರಿಗೂ ಸುಲೈಮಾನಿ, ಅಂದರೆ ಹಾಲಿಲ್ಲದ ಚಾ. ಹದಿನೈದು ನಿಮಿಷ ಬಿಟ್ಟು ಪುನಃ ಮೀಟರ್ ಇಳಿಸುತ್ತಿದ್ದೆ. ಏರಿದ್ದರೆ ಗಾಳಿ ಊದುವ ಬ್ಲೋವರ್ ಹಾಕಿ ಕಾಯುವುದು. ಇದು ಯಾವ ಫಾರ್ಮಿನಲ್ಲೂ ಇರಲಿಲ್ಲ. ಯಾಕೆ ಎಂದು ನಾನು ಯಾರಿಗೂ ವಿವರಿಸಲೂ ಇಲ್ಲ. ಫೋರ್‌ಮನ್ ಮಾಡುತ್ತಾನೆ, ಉಳಿದವರು ನೋಡಿ ಕಲಿಯಬೇಕು ಎಂಬುದು ನನ್ನ ಲೆಕ್ಕಾಚಾರ.

ವರ್ಲ್ಡ್ ಕಪ್ ಆದಮೇಲೆ ಗ್ಯಾಂಗಿನಲ್ಲಿ ಹನ್ನೊಂದು ಜನ ಇದ್ದದ್ದು ಆರಾಯಿತು. ಹೊಂಡಗಳು ಅಷ್ಟೇ ಇದ್ದವು. ಬೆಳಗ್ಗೆ ನಾಲ್ಕೂವರೆಗೆ ವಾಟ್ಸಾಪ್ ಕೂಗಲು ಶುರುವಾದರೆ ಇಡೀ ದಿನ ‘ಯಲ್ಲಾ, ಯಲ್ಲಾ’, ಅಂದರೆ ಬೇಗ ಬೇಗ. ಎರಡು ಸಲ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಬ್ರೇಕಿನ ಮೇಲಿನ ಕಾಲು ತೆಗೆಯಲಾಗದೆ ಕೂತಿದ್ದೇನೆ. ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದರೆ ನೂರ ಎಪ್ಪತ್ತು, ನೂರ ಹತ್ತು. “ಕೆಲಸ ಬದಲಾಯಿಸಿ. ಇಲ್ಲದಿದ್ದರೆ ನಾನು ಮಾತ್ರೆ ಬದಲಾಯಿಸ್ತಾ ಇರಬೇಕಾಗ್ತದೆ” ಎಂದರು ಡಾಕ್ಟರು.

ಅಲ್ ಗರಾಫಾದ ಒಂದು ವಿಲ್ಲಾ ಕಾಂಪೌಂಡಿನಲ್ಲಿ ನೀರಿನ ಪಂಪ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವರಿಗೆ ಅವಸರವಿರಲಿಲ್ಲ. ಎರಡು ತಿಂಗಳು ಕಾಯುತ್ತೇವೆ ಎಂದಿದ್ದರು. ಇಲ್ಲಿನ ಕಾನೂನಿನ ಪ್ರಕಾರ ಎರಡು ವರ್ಷಕ್ಕಿಂತ ಹೆಚ್ಚು ದುಡಿದವನು ಬಿಡುವಾಗ ಎರಡು ತಿಂಗಳ ನೋಟಿಸ್ ಕೊಡಬೇಕು. ಎರಡೂ ಕಡೆಯವರು ಒಪ್ಪಿದರೆ ಕಡಿಮೆಯೂ ಆಗಬಹುದು. ಎರಡು ತಿಂಗಳು ಪೂರ್ತಿ ಇರುವುದೆಂದೇ ತೀರ್ಮಾನಿಸಿದೆ. ಅದನ್ನು ಮೊದಲು ಹೇಳಿದ್ದು ಹಮೀದನಿಗೆ.

ಹಮೀದ್ ಉಪ್ಪಿನಂಗಡಿ ಕಡೆಯವನು, ಆರು ವರ್ಷದಿಂದ ನನ್ನ ಗ್ಯಾಂಗಿನಲ್ಲಿ ಹೊಂಡಕ್ಕಿಳಿಯುವವನು. ನಮ್ಮಿಬ್ಬರ ಮಾತು ತುಳುವಿನಲ್ಲಿ.

“ಎರಡು ತಿಂಗಳು ಉಂಟಲ್ಲ, ಸಾಕು ಶೇಖರಣ್ಣ. ಅಷ್ಟರಲ್ಲಿ ನಿಮ್ಮ ತಲೆಯಲ್ಲಿರುವುದನ್ನೆಲ್ಲ ಕಕ್ಕಿಸ್ತೇನೆ.”

“ಹಾಗಾದ್ರೆ ಪೆನ್ನು ಪುಸ್ತಕ ತಕೊಂಡು ಬಾ.”

“ಮೇಷ್ಟ್ರಿಗೇ ಬರೀಲಿಕ್ಕೆ ಉದಾಸೀನ, ಮಕ್ಕಳು ಬರೀಬೇಕಂತೆ!” ಎಂದು ನಕ್ಕ.

ಮರುದಿನ ಪತ್ರ ಹಿಡಿದು ಆಫೀಸಿಗೆ ಹೋದೆ. ನಮ್ಮ ಎಂಜಿನಿಯರಿಗೆ ನನ್ನ ಮಗನ ಪ್ರಾಯ. ಪತ್ರ ಓದಿ ಹಿಂದಿಯಲ್ಲಿ ಹೇಳಿದ: “ಎರಡು ತಿಂಗಳು ಯಾಕೆ? ನಿನ್ನ ಹತ್ತಿರ ಹ್ಯಾಂಡೋವರ್ ಮಾಡಲಿಕ್ಕೆ ಏನಿದೆ? ಮೀಟರ್, ಹಗ್ಗ, ವ್ಯಾನಿನ ಕೀ. ಹದಿನೈದು ದಿನ ಸಾಕು. ಖಲಾಸ್.”

ನನ್ನ ಕಿವಿ ಬಿಸಿಯಾಯಿತು. ಕಾನೂನು ಎರಡು ತಿಂಗಳು ಎನ್ನುತ್ತದೆ ಸಾರ್, ನನಗೆ ಜನ ತಯಾರು ಮಾಡಲಿಕ್ಕುಂಟು ಎಂದು ಹೇಳಬಹುದಿತ್ತು. ಆದರೆ “ಹದಿನೈದೇ ಮಾಡಿ ಸಾರ್” ಎಂದೆ. ಆ ಹೊತ್ತಿಗೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡುವುದಿಲ್ಲ. ನಾನು ಹೋದಮೇಲೆ ಇವರು ಒದ್ದಾಡಲಿ, ಈ ಶೇಖರ ಯಾರು ಎಂದು ಆಗ ಗೊತ್ತಾಗಲಿ ಎಂದುಕೊಂಡಿದ್ದೆ.

ಆ ದಿನ ವ್ಯಾನ್ ಓಡಿಸುತ್ತಿದ್ದ ಹಮೀದನಿಗೆ ಹೇಳಿದೆ.

“ಹದಿನೈದಾ? ನಿನ್ನೆ ಎರಡು ತಿಂಗಳು ಅಂದ್ರಲ್ಲ ಮಾರಾಯ್ರೆ!”

“ಆಫೀಸಿಗೆ ನಾನು ಬೇಡಂತೆ. ಅನುಭವಿಸ್ಲಿ ಅವರು.”

“ಹೊಂಡಕ್ಕೆ ಆಫೀಸು ಇಳೀತದಾ ಶೇಖರಣ್ಣ?”

ರಸ್ತೆ ನೋಡು ಎಂದೆ.

ಆ ಹದಿನೈದು ದಿನಗಳಲ್ಲಿ ಎರಡು ಶುಕ್ರವಾರ ವಾರದ ರಜೆಯಲ್ಲಿ ಹೋದವು. ಕಾಗದಪತ್ರದ ಓಡಾಟಕ್ಕೆ ನಾಲ್ಕು ದಿನ. ಹಮೀದನಿಗೆ ಕಲಿಸುವ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ನನ್ನ ಜಾಗಕ್ಕೆ ಹೊಸ ಸೂಪರ್‌ವೈಸರ್ ಬಂದದ್ದೇ ಹತ್ತನೇ ದಿನ. ಒಳ್ಳೆಯ ಮನುಷ್ಯ, ಸರ್ಟಿಫಿಕೇಟ್ ಇದ್ದವ, ಎಲ್ಲ ಕಾಗದದ ಪ್ರಕಾರ ಮಾಡುವವ. ನನ್ನ ಜೊತೆ ಸೈಟಿಗೆ ಬಂದದ್ದು ಎರಡೇ ದಿನ, ಅದೂ ಯಾರೂ ಇಳಿಯಬೇಕಿಲ್ಲದ ಕೆಲಸಕ್ಕೆ. ಹ್ಯಾಂಡೋವರ್ ಫಾರ್ಮಿನಲ್ಲಿ ಹತ್ತೊಂಬತ್ತು ಸಾಮಾನಿಗೆ ಟಿಕ್ ಹಾಕಿದೆ. ಕೆಳಗೆ ರಿಮಾರ್ಕ್ಸ್ ಎಂದು ನಾಲ್ಕು ಗೆರೆ ಖಾಲಿ ಜಾಗ ಇತ್ತು. ನನ್ನ ಇಂಗ್ಲಿಷ್ ನೋಡಿ ಅವನು ನಗುವುದು ಬೇಡವೆಂದು ಹಾಗೇ ಬಿಟ್ಟು ಸೈನ್ ಹಾಕಿದೆ. ಬಾಯಲ್ಲಾದರೂ ಹೇಳಬಹುದಿತ್ತು. ಕೇಳಿದರೆ ಹೇಳುವಾ ಎಂದುಕೊಂಡೆ. ಅವನು ಕೇಳಲಿಲ್ಲ.

ನಾನು ಬಿಟ್ಟು ಇಪ್ಪತ್ತಮೂರನೇ ದಿನ. ಬೆಳಗ್ಗೆ ಎಂಟೂವರೆಗೆ ಅಲ್ ಗರಾಫಾದಲ್ಲಿ ಒಂದು ವಿಲ್ಲಾದ ಟೆರೇಸಿನ ಮೇಲೆ ಟ್ಯಾಂಕಿನ ಫ್ಲೋಟ್ ಬದಲಾಯಿಸುತ್ತಿದ್ದೆ. ತಿಲಕ್ ಫೋನ್ ಮಾಡಿದ. ನೇಪಾಳದವನು, ಹೊಂಡದ ಬಾಯಿಯಲ್ಲಿ ಹಗ್ಗ ಹಿಡಿದು ನಿಲ್ಲುವವನು. “ಹಮೀದ್ ಭಾಯ್ ಬಿದ್ದುಬಿಟ್ಟ” ಎಂದಷ್ಟೇ ಹೇಳಿ ಅತ್ತ.

ನಡೆದದ್ದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ತಿಲಕನ ಬಾಯಿಂದ ಕೇಳಿದೆ. ಹೊಸ ಸೂಪರ್‌ವೈಸರ್ ಮೂರು ರೀಡಿಂಗ್ ತೆಗೆದಿದ್ದ. ಸೊನ್ನೆ, ಎರಡು, ನಾಲ್ಕು. ಪರ್ಮಿಟ್ಟಿನ ಪ್ರಕಾರ ಸರಿಯೇ. ತಿಲಕ್ ಅಭ್ಯಾಸದಂತೆ ಚಾದ ಫ್ಲಾಸ್ಕ್ ತೆಗೆದಾಗ ಸೂಪರ್‌ವೈಸರ್ “ಚಾ ಕೆಲಸ ಆದಮೇಲೆ” ಎಂದನಂತೆ. ಹಮೀದ್ ಇಳಿದ. ಕೆಸರಿನಲ್ಲಿ ಎರಡು ಹೆಜ್ಜೆ ಇಟ್ಟ. ಎದೆಗೆ ಸಿಕ್ಕಿಸಿದ ಮೀಟರ್ ಕೂಗಿತು. ತಲೆ ಎತ್ತಿ ಮೇಲೆ ನೋಡಿದ. ಅಷ್ಟೇ, ಮುಗ್ಗರಿಸಿದ. ಬೆಲ್ಟ್ ಇದ್ದದ್ದರಿಂದ ಹಗ್ಗ ಸುತ್ತುವ ವಿಂಚ್ ತಿರುಗಿಸಿ ಎಳೆದರು. ಹಗ್ಗ ಏಣಿಗೆ ಸಿಕ್ಕಿಕೊಂಡು ನಾಲ್ಕೈದು ನಿಮಿಷ ಹೋಯಿತು.

“ಪೈಪ್ ಹಾಕಿ ಕೆಸರು ತಿರುವಲಿಲ್ವಾ?” ಎಂದೆ.

“ಪೈಪ್ ಯಾಕೆ ಉಸ್ತಾದ್? ನೀವು ಆಳ ನೋಡಲಿಕ್ಕಲ್ವಾ ಹಾಕ್ತಿದ್ದದ್ದು? ಹೊಸ ಸಾರ್ ಹತ್ರ ಆಳ ಬರೆದ ಡ್ರಾಯಿಂಗ್ ಇತ್ತು.”

“ಚಾ?”

“ಚಾ ಅಂದ್ರೆ ಚಾ.”

ವರ್ಷಗಟ್ಟಲೆ ಪಕ್ಕದಲ್ಲೇ ನಿಂತು ನೋಡಿದವರಿಗೆ ಪೈಪ್ ಎಂದರೆ ಅಳತೆ, ಚಾ ಎಂದರೆ ವಿಶ್ರಾಂತಿ. ನೋಡಿ ಕಲಿಯಲಿ ಎಂದು ನಾನು ಬಿಟ್ಟದ್ದನ್ನು ಅವರು ಹೀಗೆ ಕಲಿತಿದ್ದರು.

ವಿಚಾರಣೆಯಲ್ಲಿ ಕಾಗದವೆಲ್ಲ ಸರಿ ಎಂದಾಯಿತು. ಯಾರೂ ಕರೆಯದಿದ್ದರೂ ನಾನಾಗಿ ಹೋಗಿ ಸೇಫ್ಟಿ ಆಫೀಸರಿಗೆ ಎಲ್ಲ ಹೇಳಿದೆ, ಅವರು ಬರೆದುಕೊಂಡರು. ಈಗ ಪರ್ಮಿಟ್ಟಿನ ಫಾರ್ಮಿನಲ್ಲಿ ಕೆಸರು ಕಲಕಿ ನಾಲ್ಕನೇ ರೀಡಿಂಗ್ ತೆಗೆಯಬೇಕೆಂದು ಒಂದು ಸಾಲು ಸೇರಿದೆಯಂತೆ. ಹೊರಗೆ ಸೂಪರ್‌ವೈಸರ್ ಸಿಕ್ಕಿದ. ಮುಖ ಬೂದಿಯಾಗಿತ್ತು. “ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಭಾಯ್” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಹಮೀದ್ ಬದುಕಿದ. ಹತ್ತೊಂಬತ್ತು ದಿನ ಐಸಿಯು. ಮಿದುಳಿಗೆ ಗಾಳಿ ಸಾಲದೆ ಬಲಗೈ ಮಡಚುವುದಿಲ್ಲ, ಮಾತು ಅರ್ಧದಲ್ಲಿ ನಿಲ್ಲುತ್ತದೆ. ವೀಲ್‌ಚೇರಿನಲ್ಲಿ ಊರಿಗೆ ಕಳಿಸಿದರು. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ, ಮಾತಾಡುವುದು ಅವನ ಹೆಂಡತಿ ಜುಬೇದಾ. ಒಮ್ಮೆ ಆಕೆ ಕೇಳಿದಳು:

“ಶೇಖರಣ್ಣ, ಬೇಜಾರು ಮಾಡ್ಬೇಡಿ. ನೀವು ಎರಡು ತಿಂಗಳು ಇರ್ತೀರಿ ಅಂತ ಇವರು ಹೇಳಿದ್ರು. ನೀವು ಮೇಲೆ ಇರುವಾಗ ನನಗೆ ಹೆದರಿಕೆ ಇರ್ಲಿಲ್ಲ. ಆ ದಿನ ನಿಮಗೆ ರಜೆ ಇತ್ತಾ?”

ಹದಿನೈದಾದ ವಿಷಯ ಹಮೀದ್ ಮನೆಯಲ್ಲಿ ಹೇಳಿಯೇ ಇರಲಿಲ್ಲ.

“ಇಲ್ಲಮ್ಮ. ನಾನು ಬಿಟ್ಟು ಹೋಗಿದ್ದೆ” ಎಂದೆ.

ಕೆಲಸ ಬಿಡುವವರು ಎಷ್ಟು ದಿನದ ನೋಟಿಸ್ ಕೊಡಲಿ ಎಂದು ನನ್ನ ಹತ್ತಿರ ಕೇಳುವುದುಂಟು. ಟೆನ್ಷನ್ ತಡೆಯದಿದ್ದರೆ ಬಿಡಿ. ಬಿಪಿ ಏರಿಸಿಕೊಂಡು ಸಾಯಲು ಯಾರೂ ಇಲ್ಲಿಗೆ ಬಂದದ್ದಲ್ಲ. ಸಿಟ್ಟಿದ್ದರೆ ಆಫೀಸಿನಲ್ಲಿ ಮೇಜು ಕುಟ್ಟಿ ಜಗಳ ಮಾಡಿ. ದಿನ ಕಡಿಮೆ ಮಾಡಿ ಸೇಡು ತೀರಿಸಬೇಡಿ, ಅದು ಆಫೀಸಿಗೆ ತಾಗುವುದಿಲ್ಲ. ಕಾನೂನಿನ ದಿನ ಕಾನೂನಿಗಿರಲಿ. ನಿಮ್ಮ ಜಾಗಕ್ಕೆ ಬರುವವನು ನಿಮ್ಮೆದುರೇ ಆ ಕೆಲಸ ಮಾಡಬೇಕು, ಯಾಕೆ ಹಾಗೆ ಮಾಡಿದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಅಷ್ಟಾದ ಮೇಲೆ ಹೊರಡಿ. ನಾನು ಅದಕ್ಕೆ ಮೊದಲೇ ಹೊರಟೆ.